ಬಾಯಿ

ಅಪೊಲಿನ್ ಬಾಯಿಗೆ ಮೂಗೇ ಕೋರ್ಟು.
ನಾರಿತೋ, ಹೆಬ್ಬೆರಳಿನಡಿ ಚಟ್.
"ಬಂಬುಚ್ಚಿ" ಅನ್ನುತ್ತಾರೆ, ಬೆರಳನ್ನು ಸೆರಗಿಗೆ ಒರೆಸುತ್ತಾರೆ,
ಅದೇ ಬೆರಳಲ್ಲಿ ಮುಂದಿನ ಮೊಗ್ಗು.
ಶಂಕರಪುರದ ಈ ಎಪ್ಪತ್ತು ಮಲ್ಲಿಗೆ ಗಿಡಗಳ ನಡುವೆ
ಎಷ್ಟು ವರ್ಷದಲ್ಲಿ ಎಷ್ಟು ಚಟ್,
ಲೆಕ್ಕ ಇಟ್ಟವರಿಲ್ಲ.
ಲೆಕ್ಕ ಇರುವುದು ಚೆಂಡಿಗೆ, ಅಟ್ಟೆಗೆ,
ಕಟ್ಟೆಯಲ್ಲಿ ಇವತ್ತು ಎಷ್ಟಂತೆ ಎಂಬುದಕ್ಕೆ.

ನಾನು ಕೊಯ್ಯಲು ಬರುವವಳು, ಕಟಪಾಡಿಯಿಂದ, ಮೊದಲ ಬಸ್ಸಿಗೆ.
ಅಪ್ಪ ಅಲ್ಲೇ ವಾಚು ರಿಪೇರಿ ಮಾಡುತ್ತಿದ್ದ.
ಅಂಗಡಿಯಲ್ಲಿ ಈಗ ಮೊಬೈಲ್ ಕವರು ತೂಗುತ್ತವೆ.
ನನಗೆ ಉಳಿದದ್ದು ಅವನು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕರಿ ಮಸೂರ,
ಒಳಗಂಚಿನಲ್ಲಿ ಇನ್ನೂ ಅವನ ಬೆವರಿನ ಜಿಡ್ಡು.

ಅವತ್ತು ಎಲೆ ಹೆಣೆದು ಒಳಗೆ ಮಲಗುವ ಹಸಿರು ಹುಳ
ಬಲೆಯ ಹೊರಗೆ, ಗಾಳಿಯಲ್ಲಿ ತೂಗುತ್ತಿತ್ತು,
ಗಾಳಕ್ಕೆ ಬಿದ್ದ ಕಾಣೆ ಮೀನಿನ ಹಾಗೆ ಉದ್ದಕ್ಕೆ, ಜೋಲಾಗಿ.
ಮೇಲೆ, ಕಡ್ಡಿಯ ಮೇಲೆ ಕೂತು ಗಾಳ ಹಿಡಿದವನು
ಬಂಬುಚ್ಚಿ.
ತನ್ನ ಎರಡರಷ್ಟು ಉದ್ದದ್ದನ್ನು ಬಾಯಿಯ ತುದಿಯಲ್ಲಿ ಎತ್ತಿ
ಅಲುಗದೆ ಕೂತಿದ್ದ.

ಮಸೂರ ಹಾಕಿದೆ.
ಭುಜಕ್ಕೆರಡು ಮುಳ್ಳು, ಭುಜಕೀರ್ತಿ ಬಿಗಿದು
ರಂಗಸ್ಥಳಕ್ಕೆ ಹೊರಟ ವೇಷದವನ ಹಾಗೆ.
ಕಂದು ಬೆನ್ನಿನಲ್ಲಿ ಹಳದಿ ಚುಕ್ಕಿ ಎರಡು.
ಆಮೇಲೆ ಬಾಯಿ.
ಗಿಡ ಹೀರುವ ಬಂಬುಚ್ಚಿಯದು ಬರೀ ನೂಲು,
ತಲೆಯಡಿ ಎದೆಗಂಟಿಕೊಂಡು ಮಲಗಿರುತ್ತದೆ.
ಇವನದು ದಪ್ಪ. ಬುಡದಲ್ಲಿ ಕೀಲು.
ಮಡಚಿದ ಚೂರಿಯ ಹಾಗೆ ಮುಂದಕ್ಕೆ ಬಿಚ್ಚಿಕೊಳ್ಳುತ್ತದೆ.
ವ್ಯತ್ಯಾಸ ಅಷ್ಟೇ, ಒಂದು ಅಕ್ಕಿ ನುಚ್ಚಿನೊಳಗೆ.

"ಬಾಯೀ, ಇದರ ಬಾಯಿ ನೋಡಿ" ಅಂದೆ.
ನಕ್ಕರು. ಅವರ ಮನೆಮಾತಿನಲ್ಲಿ ಅಕ್ಕ,
ನನ್ನ ಮಾತಿನಲ್ಲಿ ಹುಳುವಿಗೂ ಇರುವಂಥದ್ದು.
ಕನ್ನಡಕ ತೆಗೆದು, ಅಪ್ಪನ ಮಸೂರ ಸಿಕ್ಕಿಸಿಕೊಂಡು
ಬಗ್ಗಿದರು. ಮೊಗ್ಗಿನ ಬುಟ್ಟಿ ಓರೆಯಾಯಿತು.
ಹುಳ ಬರಿದಾಗುತ್ತ, ಚೀಲವಾಗುತ್ತ, ಸಿಪ್ಪೆಯಾಗುವವರೆಗೆ
ನೋಡಿದರು.
ಎದ್ದ ಮೇಲೆ ಏನೂ ಹೇಳಲಿಲ್ಲ.
ಹೆಬ್ಬೆರಳು ಮೂಸಿಕೊಂಡರು.

ಅಂದಿನಿಂದ ಮದ್ದು ಬಿಡುವ ವಲೇರಿಯನ್
ಮೂರನೇ ಸಾಲು ಬಿಟ್ಟು ಬಿಡಬೇಕು.
ಅಲ್ಲಿ ಎಲೆಯಡಿ ಮೊಟ್ಟೆ ಒಡೆದು ಕೆಂಪು ಮರಿಗಳು,
ಹತ್ತಿಪ್ಪತ್ತು, ಒಂದೇ ಹುಳದ ಸುತ್ತ,
ಹಬ್ಬದೂಟಕ್ಕೆ ಮೊದಲೇ ಕೂತ ಮಕ್ಕಳು.
ಹುಳ ತಿಂದು ನೇರಳೆಗಟ್ಟಿದ ಮೊಗ್ಗು
ಕಡಿಮೆಯಾಯಿತೋ, ಕಂಡದ್ದು ಕಡಿಮೆಯೋ, ಗೊತ್ತಿಲ್ಲ.
ಬಾಯಿ ಮಾತ್ರ ಬಂದವರಿಗೆಲ್ಲ ಹೇಳುತ್ತಾರೆ,
"ಅದು ನಮ್ಮ ಕಡೆಯದ್ದು."

ಬಾವಿಯ ಪಕ್ಕದ ಲಿಂಬೆ ಗಿಡದಲ್ಲಿ
ನಾನೊಂದು ಹುಳ ಕಾಯುತ್ತಿದ್ದೆ.
ಮೊದಲು ಹಕ್ಕಿಯ ಹಿಕ್ಕೆಯಂತಿದ್ದು, ಆಮೇಲೆ ಹಸಿರಾಗಿ,
ಇನ್ನೆರಡು ದಿನಕ್ಕೆ ಕೋಶ, ಇನ್ನೆರಡು ವಾರಕ್ಕೆ ಚಿಟ್ಟೆ
ಎಂದು ಬೆರಳೆಣಿಸಿದ್ದು.
ಶುಕ್ರವಾರ ಅದೂ ತೂಗುತ್ತಿತ್ತು.
ಅದೇ ಮುಳ್ಳಿನ ಭುಜ. ಅದೇ ದಪ್ಪ ಬಾಯಿ.
ಅವನಿಗೆ ಯಾರೂ ಹೇಳಿರಲಿಲ್ಲ,
ಅವನು ನಮ್ಮ ಕಡೆಯವನೆಂದು.

ಹೆಬ್ಬೆರಳು ಮುಂದೆ ಹೋಯಿತು.
ನಿಂತಿತು.
ಅಷ್ಟಕ್ಕೇ ಅವನು ಹೆದರಿ ನಾತ ಬಿಟ್ಟ,
ಕೊತ್ತಂಬರಿ ಸೊಪ್ಪು ಕೊಳೆತ ಹಾಗೆ.

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕದವಳು
ಮುಖ ತಿರುಗಿಸಿದಳು.
ಮುಡಿಯಲ್ಲಿ ಅವಳದೇ ಒಂದು ಚೆಂಡು ಮಲ್ಲಿಗೆ,
ಬೆಳಿಗ್ಗೆ ಬಹುಶಃ ನಾನೇ ಕೊಯ್ದದ್ದು.