ಒಂಟಿ ಕಾಲುಚೀಲ

ಝೆರಾಕ್ಸ್ ಅಂಗಡಿಯ ಖಮರುದ್ದೀನ ಬಿಸಿ ಯಂತ್ರದ ಬಾಯಿಗೆ
ಒಂದೊಂದೇ ಬಿಳಿ ಹಾಳೆ ತುರುಕಿ ಪ್ಲಾಸ್ಟಿಕ್ ಹೊದಿಸಿ ಕೊಟ್ಟ.
ಇಪ್ಪತ್ತು ಅಂದವನು, ಸಾಲಿ ಹುಡುಗರಿಗೆ ಅಂದಮೇಲೆ
ಹನ್ನೆರಡಕ್ಕಿಳಿದ, ಒಂದರ ರೊಕ್ಕ ಬಿಟ್ಟೇಬಿಟ್ಟ.
ಮೂವತ್ತೊಂದು ಹಾಳೆ. ಬೆನ್ನಿಗೆ ಹಳೇ ಲಗ್ನಪತ್ರಿಕೆಯ ರಟ್ಟು.
ಈ ಕಡೆ ಬರೆದು ಒರೆಸಿ ಬರೆದು ಒರೆಸಬಹುದು,
ಆ ಕಡೆ ಯಾರದೋ ಶುಭಮುಹೂರ್ತ, ಹಾಗೇ ಇರಲಿ.

ಒರೆಸಲು ಮನೆಯಿಂದ ಒಂಟಿ ಕಾಲುಚೀಲ ತರ್ರಿ ಅಂದೆ.
ಜೋಡಿ ಕಳಕೊಂಡವು ಇಷ್ಟಿದ್ದವೇ ಶಹಾಬಾದಿನಲ್ಲಿ!
ಫ್ಯಾಕ್ಟರಿ ಬೂಟಿನೊಳಗಿನದು, ತೊಟ್ಟಿಲ ಕೂಸಿನದು,
ಹೆಬ್ಬೆರಳಿಗೆ ತೂತು ಬಿದ್ದದ್ದು.
ಥಾವರ್ಯಾನ ತಾಂಡಾದ ಮನೆಯಲ್ಲಿ ಕಾಲುಚೀಲವೇ ಇರಲಿಲ್ಲ.
ಅಜ್ಜಿಯ ಹಳೇ ಲಂಗದ ತುಂಡು ತಂದ,
ನಡುವೆ ರೂಪಾಯಿಯಗಲ ಕನ್ನಡಿ.
ಮೊದಲ ದಿನವೇ ಹಾಳೆಗೆ ಗೀರು ಬಿತ್ತು.
ಅವನನ್ನು ಕೇಳಿ, ದಾರ ಕತ್ತರಿಸಿ,
ಕನ್ನಡಿಯನ್ನು ಸೀಮೆಸುಣ್ಣದ ಡಬ್ಬಿಯಲ್ಲಿಟ್ಟೆ.

ಥ ಅಕ್ಷರದ ಹೊಟ್ಟೆಯೊಳಗೆ ಚುಕ್ಕಿ ಮರೆತು
ದಿನಾ ದಾವರ್ಯಾ ಆಗುತ್ತಾನೆ ಅವ. ಒರೆಸುತ್ತಾನೆ, ನಗುತ್ತಾನೆ.
ಲೆಕ್ಕ ತಪ್ಪಿದರೆ ಲಾಡ್ಲೆಸಾಬ ಉಫ್ ಅಂತ ಊದುತ್ತಾನೆ
ಅಂಕಿ ಹಾರಿಹೋಗಲೆಂದು.
ಜಗದೇವಿ ಮಾತ್ರ ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ.
ಜೂನ್ ಹೋಯಿತು, ಜುಲೈ ಅರ್ಧ.
ಯಾಕವ್ವಾ, ಅಂದೆ. ನೆಲದ ಫರಶಿ ನೋಡುತ್ತ ಅಂದಳು:
"ಗೆರಿ ತಪ್ಪಿದ್ರ ಕಲ್ಲು ಹೋತು, ಪಗಾರ ಹೋತು ಅಂತಾನ್ರಿ ನಮ್ಮಪ್ಪ."

ಖಣಿಯಲ್ಲಿ ಉಳಿ ಹಿಡಿದವನು ಅವನು.
ನಾವು ಕೂತ ನೆಲವೂ ಯಾರೋ ಗೆರೆ ತಪ್ಪದೆ ಸೀಳಿದ್ದು.
ನಾನು ಏನು ಹೇಳಲಿ?
ಅವಳ ಹಾಳೆಯ ತುಂಬ ಅಡ್ಡಾದಿಡ್ಡಿ ಗೀಚಿ
ಅವಳ ಕೈಗೇ ಕಾಲುಚೀಲ ತೊಡಿಸಿದೆ.
ಒಂದು ಸಲ ಎಳೆದಳು. ನನ್ನ ತಪ್ಪು ಹೋಯಿತು.
ಇನ್ನೊಂದು ಸಲ ಬರೀರಿ, ಅಂದಳು. ಬರೆದೆ. ಒರೆಸಿದಳು.
ಅವತ್ತು ಒರೆಸುವುದನ್ನಷ್ಟೇ ಕಲಿತಳು.

ಶ್ರಾವಣದ ಒಂದು ಮಧ್ಯಾಹ್ನ, ಬಿಸಿಯೂಟ ಆದಮೇಲೆ,
ನಾಲ್ಕಕ್ಷರ ಸಾಲಾಗಿ ನಿಂತವು: ಜಗದೇವಿ.
ಛಲೋ ಆತು, ಒರಸು, ಇನ್ನ ಲೆಕ್ಕ ಮಾಡೋಣು, ಅಂದೆ.
ಎರಡೂ ಕೈಯಿಂದ ಮುಚ್ಚಿಕೊಂಡಳು.
ಗಂಟೆ ಹೊಡೆದಮೇಲೆ ಎಣಿಸಿದರೆ ಮೂವತ್ತೇ ಹಾಳೆ.

ಮರುದಿನ ಅವುಚಿಕೊಂಡು ತಂದಳು. ಹಾಳೆ ಖಾಲಿ.
ರಾತ್ರಿ ಸೆಖೆ, ಅದರ ಮೇಲೇ ಕೆನ್ನೆಯಿಟ್ಟು ಮಲಗಿದ್ದಳು.
ಹೆಸರು ಕೆನ್ನೆಗೆ ದಾಟಿತ್ತು, ತಿರುಗುಮುರುಗಾಗಿ, ಮಸುಕು ನೀಲಿ.
ಹುಡುಗರು ಬಿದ್ದುಬಿದ್ದು ನಕ್ಕರು. ಅವಳ ತುಟಿ ನಡುಗಿತು.
ಥಾವರ್ಯಾ ಎದ್ದವನೇ ಡಬ್ಬಿ ಹುಡುಕಿ
ಸುಣ್ಣದ ಪುಡಿಯಲ್ಲಿ ಬೆಳ್ಳಗಾದ ಕನ್ನಡಿ ತೆಗೆದು
ಅಂಗಿಗೆ ಉಜ್ಜಿ ಅವಳ ಮುಂದೆ ಹಿಡಿದ.
ಇಡೀ ಹೆಸರು ಹಿಡಿಯದಷ್ಟು ಸಣ್ಣದು. ಸರಿಸುತ್ತ ಹೋದ.
ಜ, ಅಂದಳು. ಗ. ದೇ.
ಕೊನೆಯದು ಬಾಯ ಹತ್ತಿರ ಅಳಿಸಿಹೋಗಿತ್ತು,
ಅದನ್ನು ನೋಡದೆಯೇ ಹೇಳಿದಳು.

ಆಮೇಲೆ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು,
"ಪೆನ್ನ ಕೊಡ್ರಿ ಅಕ್ಕೋರೆ, ಲೆಕ್ಕ ಮಾಡ್ತೀನಿ."

ಸಿಆರ್‌ಪಿ ಸಾಹೇಬರು ಬಂದಾಗ ನೋಟ್‌ಬುಕ್ಕು ಬೋಳುಬೋಳು.
ಕಲ್ತದ್ದಕ್ಕ ದಾಖಲಿ ಏನದರಿ, ಅಂದರು.
ಶನಿವಾರ. ಹಿತ್ತಲ ಬಕೆಟ್ಟಿನಲ್ಲಿ ಎಲ್ಲ ನೆನೆಹಾಕಿದ್ದೆ,
ನೀರು ಆಗಲೇ ಕಪ್ಪುನೀಲಿ.
ಬರ್ರಿ ತೋರಿಸ್ತೀನಿ, ಅಂದೆ.
ಬಗ್ಗಿ ನೋಡಿದರು. ಏನೂ ಬರೆದುಕೊಳ್ಳಲಿಲ್ಲ.
ಅವರು ಹೋದಮೇಲೆ ಹಿಂಡಿ ತಂತಿಗೆ ಹಾಕಿದೆ:
ಮೂವತ್ತು ಒಂಟಿ ಕಾಲುಚೀಲ, ಒಂದು ಲಂಗದ ತುಂಡು,
ಅದರಲ್ಲಿ ಕನ್ನಡಿಯಿದ್ದ ಜಾಗಕ್ಕೆ
ಇನ್ನೂ ಬಿಚ್ಚದ ಕೆಂಪು ದಾರದ ಉಂಗುರ.