ಗೇಣೆತ್ತರದ ಮನೆ

ಬೆರ್ನ್ ಪಟ್ಟಣದಲ್ಲಿ ಬಡಗಿಗೊಂದು ಉಪಕಸುಬಿದೆ:
ಬೆಕ್ಕಿಗೆ ಏಣಿ ಕಟ್ಟುವುದು.
ಅಂಗಳದಿಂದ ಮೂರನೆಯ ಮಹಡಿಯ ಕಿಟಕಿವರೆಗೆ
ಗೋಡೆ ಹಿಡಿದು ತಿರುತಿರುಗಿ ಏರುವ ಹಲಗೆ,
ನಾಲ್ಕು ಬೆರಳಿಗೊಂದು ಅಡ್ಡಪಟ್ಟಿ.
ಬೆಕ್ಕಿಗೆ ಗಂಟೆ ಕಟ್ಟಲು ಯಾರೂ ಬರುವುದಿಲ್ಲವಂತೆ,
ಏಣಿ ಕಟ್ಟಲು ನಾನಿದ್ದೇನೆ.

ಫ್ರೇನಿ ನೀಡೆಗ್ಗರ್ ಕರೆದಳು. ರಾತ್ರಿಪಾಳಿಯ ದಾದಿ,
ಹಗಲಿಗೆ ಪರದೆ ಎಳೆದು ಮಲಗುವವಳು.
"ನ್ಯೂಸ್ಲಿ ಸೋಫಾ ಹರಿಯುತ್ತಾಳೆ,
ಇಸ್ತ್ರಿ ಮಾಡಿದ ಬಟ್ಟೆಯ ಮೇಲೇ ಉಚ್ಚೆ ಹೊಯ್ಯುತ್ತಾಳೆ,
ನಾನಿಲ್ಲದ ರಾತ್ರಿಯೆಲ್ಲ ಕೋಣೆಯಿಂದ ಕೋಣೆಗೆ
ಅಂಡು ಸುಟ್ಟ ಬೆಕ್ಕಿನ ಹಾಗೆ..."
ಎಂದವಳು ತಡೆದಳು.
ಬೆಕ್ಕೇ ತಾನೆ.

ಅಳತೆಪಟ್ಟಿ ಬಿಚ್ಚುವ ಮುನ್ನ ಪೆನ್ಸಿಲ್ ಜಾರಿತು,
ಸೋಫಾದಡಿ ಉರುಳಿತು, ಮಂಡಿಯೂರಿದೆ.
ಕೆನ್ನೆ ನೆಲಕ್ಕೆ ತಾಕಿತು.
ಮನೆ ಬದಲಾಯಿತು.

ಗೇಣೆತ್ತರದಲ್ಲಿ ಕಿಟಕಿಯೇ ಇಲ್ಲ.
ಆಕಾಶವೆಂದರೆ ಕುರ್ಚಿಯ ತಳ.
ಹೀಟರಿನ ಬಿಸಿ ತಲೆಯ ಮೇಲೆ ಹಾದುಹೋಗುತ್ತದೆ,
ಬಾಗಿಲ ಸಂದಿಯ ಗಾಳಿ ನೇರ ಮೀಸೆಗೆ.
ಮರಳಿನ ತೊಟ್ಟಿ ಬಟ್ಟೆ ಒಗೆವ ಯಂತ್ರದ ಪಕ್ಕ,
ಅದು ಗುಡುಗಿದರೆ ಅರ್ಧಕ್ಕೇ ಎದ್ದು ಓಡಬೇಕು.
ನೀರು ಊಟದ ತಟ್ಟೆಗೆ ಅಂಟಿಕೊಂಡು
ಎರಡೂ ಒಂದೇ ಮೂಲೆಯಲ್ಲಿ:
ಕೋಣೆಗೆ ಬೆನ್ನು ಕೊಟ್ಟು,
ಬೆನ್ನಲ್ಲಿ ಕಣ್ಣಿಲ್ಲದವರು ಹೇಗೆ ತಿಂದಾರು?

ಮೇಜಿನಡಿ ತೂರಿದೆ. ಅದು ನಾನೇ ಮಾಡಿದ ಮೇಜು,
ಹನ್ನೊಂದು ವರ್ಷದ ಹಿಂದೆ, ಅಕ್ರೋಟು ಮರದ್ದು,
ಮೈ ಕನ್ನಡಿಯೆಂದು ಹೇಳಿ ಬೆಲೆ ಏರಿಸಿದ್ದು.
ಅಡಿಯಲ್ಲಿ ಗರಗಸದ ಹಲ್ಲಿನ ಗುರುತು, ಅಂಟಿನ ಹನಿ,
ಸಿಬಿರಿಗೆ ಸಿಕ್ಕ ಬೂದುಗೂದಲ ಎಳೆ.
ಕಾಣದ ಬದಿಗೆ ಯಾರು ಕೀಸುಳಿ ಹಿಡಿಯುತ್ತಾರೆ?
ನ್ಯೂಸ್ಲಿ ಅಲ್ಲೇ ಇದ್ದಳು,
ನನ್ನ ಮೂಗಿನೆದುರು, ಕಣ್ಣು ಮುಚ್ಚಿ;
ಹಾಲಿಲ್ಲ ಗೀಲಿಲ್ಲ,
ನನ್ನ ವಾಸನೆಯನ್ನೇ ಕುಡಿಯುತ್ತ.

ಮೊದಲ ವಾರ ಏಣಿಯ ಮಾತೇ ಎತ್ತಲಿಲ್ಲ.
ತೊಟ್ಟಿಯನ್ನು ಗದ್ದಲವಿಲ್ಲದ ಕೋಣೆಗೆ ಸರಿಸಿದೆವು,
ನೀರಿನ ಬಟ್ಟಲನ್ನು ಕಿಟಕಿಗೆ.
ಪುಸ್ತಕದ ಕಪಾಟಿನಿಂದ ಬಾಗಿಲ ನೆತ್ತಿಗೆ,
ಅಲ್ಲಿಂದ ಹೀಟರಿನ ಮಗ್ಗುಲಿಗೆ ಮೂರು ಹಲಗೆ,
ಕಾಲು ಜಾರದಂತೆ ಹಳೆಯ ಕಂಬಳಿಯ ತುಂಡು.
ಸೆಣಬಿನ ಹಗ್ಗ ಸುತ್ತಿದ ಕಂಬ ಸೋಫಾದ ಎದುರಿಗೇ.
ಮೂಲೆಯಲ್ಲಿ ಬೇಡ ಎಂದೆ;
ಸಹಿ ಹಾಕುವುದು ನಾಲ್ಕು ಜನ ನೋಡಲೆಂದು.
ಪಾಳಿಗೆ ಹೊರಡುವ ಮುನ್ನ ಫ್ರೇನಿ
ಮೊಟ್ಟೆಯ ರಟ್ಟಿನಲ್ಲಿ ಒಣಮೀನಿನ ಚೂರು ಬಚ್ಚಿಟ್ಟಳು,
ಸಮವಸ್ತ್ರದಲ್ಲೇ ನೆಲಕ್ಕೆ ಕೂತು ಗರಿ ಕುಣಿಸಿದಳು,
ಕೊನೆಯ ನೆಗೆತಕ್ಕೆ ಬೇಕೆಂದೇ ಸೋತಳು.

ಏಣಿ ಆಮೇಲೆ ಬಂತು. ಲಾರ್ಚ್ ಮರ,
ಮಾಲೀಕರ ಒಪ್ಪಿಗೆಪತ್ರ,
ಕೆಳಮನೆಯ ಗ್ಫೆಲರನ ಒಂದೇ ಷರತ್ತು:
ಭಾನುವಾರ ಸದ್ದು ಕೂಡದು.
ಹದಿನೇಳು ದಿನ ನ್ಯೂಸ್ಲಿ ಅದರ ಕಡೆ ಕಿವಿಯನ್ನೂ ತಿರುಗಿಸಲಿಲ್ಲ.
ಹದಿನೆಂಟನೆಯ ಬೆಳಿಗ್ಗೆ ಏರಿ ಬಂದವನು ಬೇರೆ,
ಟ್ರಾಮ್ ಡಿಪೋ ಕಡೆಯ ಕೆಂಚ, ಕಿವಿ ಹರುಕ.

"ಕಿತ್ತುಬಿಡಲೆ?" ಫೋನಿನಲ್ಲಿ ಕೇಳಿದೆ.
"ತಾಳಿ" ಎಂದಳು, ಪಿಸುದನಿ.
"ಅವನು ಗಾಜಿನಾಚೆ ಕೂತಿದ್ದಾನೆ.
ಇವಳು ಬಾಗಿಲ ನೆತ್ತಿಯಿಂದ ನೋಡುತ್ತಿದ್ದಾಳೆ.
ಬಾಲದ ತುದಿ ಮಾತ್ರ ಆಡುತ್ತಿದೆ. ಕಾಲುಗಂಟೆಯಾಯಿತು.
ನಾನು ಮಲಗಬೇಕಿತ್ತು."

ಈಗಲೂ ಅವಳು ಇಳಿಯುವುದು ಐದನೆಯ ಪಟ್ಟಿವರೆಗೆ,
ಅಲ್ಲಿ ಕೂತು ಊರು ನೋಡಿ ವಾಪಸು.
ಉಳಿದ ಅರವತ್ತು ಪಟ್ಟಿ ಕೆಂಚನ ಪಾಲು.

ಒಂದು ಭಾನುವಾರ ಹೋದೆ, ಹೇಳದೆ ಕೇಳದೆ.
ಮೇಜನ್ನು ಅಂಗಾತ ಕೆಡವಿ ತಳ ಕೀಸಿದೆ.
ಕೀಸುಳಿಗೆ ಸದ್ದೇನು,
ಬೆಕ್ಕು ನೀರು ನೆಕ್ಕಿದಷ್ಟು.
ಬಿಲ್ಲಿಗೆ ಸೇರಿಸಲಿಲ್ಲ.
ಕೈಯಾಡಿಸಿದರೆ ರೇಷ್ಮೆ,
ಕರೆದು ತೋರಿಸಿದೆ.

ನ್ಯೂಸ್ಲಿ ಮೇಜಿನತ್ತ ತಿರುಗಲಿಲ್ಲ.
ಮರದ ಸುರುಳಿಗಳ ರಾಶಿಯೊಳಗೆ
ಎರಡು ಸುತ್ತು ಸುತ್ತಿ
ಮಲಗಿಬಿಟ್ಟಳು.