ನಲವತ್ತೊಂದನೆಯ ಅರ್ಜಿ

ಅಕ್ರಾದಲ್ಲಿ ಕರೆಂಟು ಹೋಗಿದೆ.
ಸಾರ್ವಜನಿಕ ಸಂಪರ್ಕದ ಹುದ್ದೆಗೆ ಬಂದ ಅರ್ಜಿಗಳನ್ನು
ಕಿಟಕಿಗೆ ಹಿಡಿದು ಓದುತ್ತಿದ್ದೇನೆ.
‘ಸಣ್ಣ ತಪ್ಪೂ ನನ್ನ ಕಣ್ಣು ತಪ್ಪಿಸಲಾರದು’ ಎಂದವನು
ಎದುರು ಬೀದಿಯ ಕಂಪನಿಯ ಹೆಸರು ಬರೆದಿದ್ದಾನೆ.
ಇನ್ನೊಬ್ಬ ‘ಮಹೋದಯರೇ’ ಎಂದು
ನನಗೊಂದು ಮೀಸೆ ಅಂಟಿಸಿದ್ದಾನೆ.
ಜನರೆಂದರೆ ಪ್ರಾಣವಂತೆ ಎಲ್ಲರಿಗೂ;
ಯಾವ ಜನ? ಒಬ್ಬರೂ ಹೇಳಿಲ್ಲ.

ಜಿಫಾ ಎಂಬಾಕೆಯದು ಅರ್ಧವೇ ಪುಟ:
‘ನಮ್ಮ ಓಣಿಯಲ್ಲಿ ನಲ್ಲಿ ನಿಂತಾಗ
ಟ್ಯಾಂಕರ್ ಬರುವ ಹೊತ್ತನ್ನು
ಕೆಂಕಿ ಮಾರುವವಳ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ.
ಒಂದು ದಿನ ಬರಲಿಲ್ಲ.
ಅಳಿಸಲಿಲ್ಲ, ಕೆಳಗೇ ಬರೆದೆ:
ತಪ್ಪಾಯಿತು, ನಾಳೆ ಏಳಕ್ಕೆ.
ಬೈದರು.
ಏಳಕ್ಕೆ ಬಕೆಟ್ ಹಿಡಿದು ಬಂದರು.’

ನನ್ನ ಹೆಸರಿನಲ್ಲಿ ಇವಳೂ ಒಂದಕ್ಷರ ತಪ್ಪಿದ್ದಾಳೆ.
ಪೆನ್ಸಿಲಿನಿಂದ ತಿದ್ದಿ
ಫೋನು ಕೈಗೆತ್ತಿಕೊಂಡೆ.